ಮಾತ್ರೆ ಮುಗಿದರೂ ಮುಗಿಯದ ಸೋಂಕು: ಮೂತ್ರಕೋಶದ ಸಂಶೋಧನೆ ಹೇಳುತ್ತಿರುವುದೇನು?

ಹೇಳಿಕೊಳ್ಳಲು ನಮ್ಮ ಸಮಾಜ ಹಿಂಜರಿಯುವ ಕಾಯಿಲೆಗಳಲ್ಲಿ ಮೂತ್ರನಾಳದ ಸೋಂಕು ಒಂದು. ಉರಿಮೂತ್ರ ಶುರುವಾದ ಹೆಣ್ಣುಮಗಳು ಮನೆಯಲ್ಲಿ 'ಮೈಗೆ ಉಷ್ಣವಾಗಿದೆ' ಎಂದಷ್ಟೇ ಹೇಳುತ್ತಾಳೆ. ಬಾರ್ಲಿ ನೀರು, ಎಳನೀರು, ಮಜ್ಜಿಗೆಗಳ ಸರದಿ ಮುಗಿದ ಮೇಲೂ ಉರಿ ತಗ್ಗದಿದ್ದರೆ ಬೀದಿ ಕೊನೆಯ ಔಷಧ ಅಂಗಡಿಯಿಂದ ನಾಲ್ಕಾರು ಮಾತ್ರೆ ಬರುತ್ತವೆ. ಎರಡು ದಿನದಲ್ಲಿ ನೋವು ಹೋಗುತ್ತದೆ, ಉಳಿದ ಮಾತ್ರೆ ಡಬ್ಬಿ ಸೇರುತ್ತದೆ. ಕೆಲವು ವಾರಗಳಲ್ಲಿ ಅದೇ ಉರಿ ಮತ್ತೆ ಹಾಜರಾಗುತ್ತದೆ. ಹೀಗೇಕೆ ಎಂಬ ಪ್ರಶ್ನೆಗೆ 'ಶುಚಿತ್ವ ಸಾಲದು' ಎಂಬ ಉತ್ತರ ಬಹುಕಾಲದಿಂದ ಸಿದ್ಧವಾಗಿತ್ತು. ಆ ಉತ್ತರ ರೋಗಿಯ ಮೇಲೆಯೇ ತಪ್ಪು ಹೊರಿಸುತ್ತಿತ್ತು. ಕಳೆದ ಮೂರು ದಶಕಗಳ ಸಂಶೋಧನೆ ಈ ಸುಲಭದ ಉತ್ತರವನ್ನು ಅಲುಗಾಡಿಸಿದೆ.

ಇದು ಸಣ್ಣ ಕಾಯಿಲೆಯೇನೂ ಅಲ್ಲ. ಜಾಗತಿಕ ರೋಗಭಾರದ ಅಂದಾಜಿನ ಪ್ರಕಾರ 2019ರಲ್ಲಿ ಪ್ರಪಂಚದಾದ್ಯಂತ 40 ಕೋಟಿಗೂ ಹೆಚ್ಚು ಮೂತ್ರನಾಳ ಸೋಂಕಿನ ಪ್ರಕರಣಗಳಿದ್ದವು. 2 ಲಕ್ಷ 36 ಸಾವಿರಕ್ಕೂ ಹೆಚ್ಚು ಮಂದಿ ಅದರಿಂದ ಸತ್ತರು. ಹೆಂಗಸರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗುತ್ತಾರೆ. ಅವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲವೇ ತಿಂಗಳಲ್ಲಿ ಸೋಂಕು ಮರುಕಳಿಸುತ್ತದೆ. ಪ್ರತಿ ಬಾರಿಯೂ ಆ್ಯಂಟಿಬಯೋಟಿಕ್ ನುಂಗಬೇಕು. ಪ್ರತಿ ಬಾರಿ ನುಂಗಿದಾಗಲೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಇನ್ನಷ್ಟು ಅವಕಾಶ. ಔಷಧ ನಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ 12 ಲಕ್ಷ 70 ಸಾವಿರ ಸಾವುಗಳು ಸಂಭವಿಸಿದವೆಂದು 'ಲ್ಯಾನ್ಸೆಟ್' ಪತ್ರಿಕೆ 2022ರಲ್ಲಿ ಪ್ರಕಟಿಸಿತು. ಆದ್ದರಿಂದ ಮೂತ್ರನಾಳದ ಸೋಂಕನ್ನು ಬರುವ ಮೊದಲೇ ತಡೆಯುವುದು ಹೇಗೆ ಎಂಬ ಪ್ರಶ್ನೆ ಒಬ್ಬ ರೋಗಿಯ ನೆಮ್ಮದಿಯ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ.

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಮುಖ್ಯರು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಸ್ಕಾಟ್ ಹಲ್ಟ್‌ಗ್ರೆನ್. 2011ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಅವರು ತಮ್ಮ ವೃತ್ತಿಜೀವನದ ಬಹುಪಾಲನ್ನು ಒಂದೇ ಜೀವಿಯ ಒಂದೇ ತಂತ್ರವನ್ನು ಬಿಡಿಸುವುದಕ್ಕೆ ಮೀಸಲಿಟ್ಟಿದ್ದಾರೆ. ಆ ಜೀವಿ ಇ. ಕೋಲಿ ಬ್ಯಾಕ್ಟೀರಿಯಾ. ಸಾಮಾನ್ಯ ಮೂತ್ರನಾಳ ಸೋಂಕುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವು ಅದರಿಂದಲೇ ಬರುತ್ತವೆ.

ತುದಿಯಲ್ಲಿ ಕೊಂಡಿ

ಇ. ಕೋಲಿ ನಮ್ಮೆಲ್ಲರ ಕರುಳಿನಲ್ಲಿ ವಾಸಿಸುವ ಜೀವಿ. ಅಲ್ಲಿರುವವರೆಗೆ ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಹೆಂಗಸರ ದೇಹರಚನೆಯಲ್ಲಿ ಗುದದ್ವಾರಕ್ಕೂ ಮೂತ್ರದ್ವಾರಕ್ಕೂ ಅಂತರ ಕಡಿಮೆ. ಮೂತ್ರ ಹೊರಬರುವ ನಾಳವೂ ಗಿಡ್ಡ. ಹಾಗಾಗಿ ಕರುಳಿನ ಈ ಜೀವಿ ಮೂತ್ರಕೋಶ ತಲುಪುವುದು ಕಷ್ಟವಲ್ಲ. ಆದರೆ ತಲುಪಿದ ಮಾತ್ರಕ್ಕೆ ನೆಲೆ ನಿಲ್ಲಲಾಗದು. ಮೂತ್ರದ ಹರಿವು ಅದನ್ನು ಹೊರಗೆ ಕೊಚ್ಚಿಬಿಡುತ್ತದೆ. ಉಳಿಯಬೇಕಾದರೆ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಹಿಡಿದುಕೊಳ್ಳುವ ಸಾಧನ ಬ್ಯಾಕ್ಟೀರಿಯಾದ ಮೈಮೇಲಿರುವ ಕೂದಲಿನಂಥ ಎಳೆಗಳು. ಇವಕ್ಕೆ 'ಪಿಲೈ' ಎಂದು ಹೆಸರು. ಒಂದು ಬಗೆಯ ಎಳೆಯ ತುದಿಯಲ್ಲಿ 'ಫಿಮ್‌ಎಚ್' ಎಂಬ ಪ್ರೋಟೀನು ಕೊಂಡಿಯಂತೆ ಕುಳಿತಿರುತ್ತದೆ. ಮೂತ್ರಕೋಶದ ಒಳಪದರದ ಜೀವಕೋಶಗಳ ಮೇಲೆ 'ಮ್ಯಾನೋಸ್' ಎಂಬ ಸಕ್ಕರೆಯ ಅಣುಗಳಿವೆ. ಕೊಂಡಿ ಆ ಸಕ್ಕರೆಗೆ ಸಿಕ್ಕಿಕೊಂಡರೆ ಬ್ಯಾಕ್ಟೀರಿಯಾಕ್ಕೆ ನೆಲೆ ಸಿಕ್ಕಂತೆ. ಈ ಎಳೆಗಳನ್ನು ಬ್ಯಾಕ್ಟೀರಿಯಾ ಹೇಗೆ ಹೆಣೆಯುತ್ತದೆ, ಕೊಂಡಿಯ ಆಕಾರವೇನು, ಅದು ಸಕ್ಕರೆಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ಹಲ್ಟ್‌ಗ್ರೆನ್ ಮತ್ತು ಸಹೋದ್ಯೋಗಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬ್ಯಾಕ್ಟೀರಿಯಾವನ್ನು ಕೊಲ್ಲದೆ, ಅದರ ಕೊಂಡಿಯನ್ನಷ್ಟೇ ಕಳಚಿದರೆ ಸಾಲದೇ? ಅವರ ಸಂಶೋಧನೆಯ ತಿರುಳು ಈ ಪ್ರಶ್ನೆಯಲ್ಲಿದೆ.

ಜೀವಕೋಶದೊಳಗೆ ಬಿಡಾರ

ಮೂತ್ರಕೋಶದ ಸೋಂಕು ಮೂತ್ರದಲ್ಲಿ ತೇಲುವ ಬ್ಯಾಕ್ಟೀರಿಯಾಗಳ ಕೆಲಸವೆಂದೇ ವೈದ್ಯಶಾಸ್ತ್ರ ಬಹುಕಾಲ ನಂಬಿತ್ತು. 2003ರಲ್ಲಿ ಹಲ್ಟ್‌ಗ್ರೆನ್ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ನಂಬಿಕೆಯನ್ನು ಬದಲಿಸಿತು. ಇಲಿಗಳ ಮೂತ್ರಕೋಶದಲ್ಲಿ ಇ. ಕೋಲಿ ಒಳಪದರದ ಜೀವಕೋಶಗಳ ಒಳಕ್ಕೇ ನುಗ್ಗಿ, ಅಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬೆಳೆದು, ಒಂದಕ್ಕೊಂದು ಅಂಟಿಕೊಂಡು ಉಂಡೆಗಟ್ಟಿ ಕುಳಿತಿರುವುದನ್ನು ತಂಡ ಕಂಡಿತ್ತು. ಅಲ್ಲಿ ಅವು ದೇಹದ ರಕ್ಷಣಾ ಕಣಗಳಿಗೆ ಸುಲಭವಾಗಿ ಸಿಗುವುದಿಲ್ಲ. ಔಷಧವೂ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕಾಲ ಬಂದಾಗ ಹೊರಬಿದ್ದು ನೆರೆಯ ಜೀವಕೋಶಗಳನ್ನು ಆಕ್ರಮಿಸುತ್ತವೆ.

ದೇಹವೂ ಸುಮ್ಮನಿರುವುದಿಲ್ಲ. ಸೋಂಕು ತಗುಲಿದ ಮೇಲ್ಪದರವನ್ನೇ ಕಳಚಿ ಮೂತ್ರದೊಡನೆ ಹೊರಹಾಕುತ್ತದೆ. ಒಳ್ಳೆಯ ಉಪಾಯವೇ ಸರಿ; ಆದರೆ ಮೇಲ್ಪದರ ಹೋದಾಗ ಅಡಿಯ ಎಳೆಯ ಜೀವಕೋಶಗಳು ಬಯಲಾಗುತ್ತವೆ. ಅಲ್ಲಿ ಸೇರಿಕೊಂಡ ಕೆಲವು ಬ್ಯಾಕ್ಟೀರಿಯಾಗಳು ಬೆಳೆಯದೆ, ಸಾಯದೆ, ನಿದ್ರಿಸುವಂತೆ ವಾರಗಟ್ಟಲೆ ಉಳಿಯಬಲ್ಲವು. ಮೂತ್ರ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಶತ್ರು ಒಳಗೇ ಇದ್ದಾನೆ.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿಯೂ ನಿಜವಾಗಬೇಕಿಲ್ಲ. 2007ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಮೂತ್ರಕೋಶದ ಸೋಂಕಿದ್ದ 80 ಮಹಿಳೆಯರ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಯಿತು. ಶೇ. 18ರಷ್ಟು ಮಹಿಳೆಯರಲ್ಲಿ ಜೀವಕೋಶದೊಳಗಿನ ಉಂಡೆಗಳ ಕುರುಹು ಸಿಕ್ಕಿತು, ಶೇ. 41ರಷ್ಟು ಮಂದಿಯಲ್ಲಿ ಇದೇ ಬದುಕಿನ ಕ್ರಮದ ಮತ್ತೊಂದು ಹಂತವಾದ, ಉದ್ದಕ್ಕೆ ಬೆಳೆದ ಎಳೆರೂಪದ ಬ್ಯಾಕ್ಟೀರಿಯಾಗಳಿದ್ದವು. ಸೋಂಕು ಮರಳಿದಾಗಲೆಲ್ಲ ಹೊರಗಿನಿಂದಲೇ ಬಂದಿತೆಂದು ಹೇಳಲು ಇನ್ನು ಸಾಧ್ಯವಿರಲಿಲ್ಲ. ಕೆಲವೊಮ್ಮೆ ಅದು ಕರುಳಿನಿಂದ ಹೊಸದಾಗಿ ಬರುತ್ತದೆ, ಕೆಲವೊಮ್ಮೆ ಹಳೆಯ ಬಿಡಾರದಿಂದ ಎದ್ದು ಬರುತ್ತದೆ.

2023ರ ಸಂಶೋಧನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೊದಲ ಸೋಂಕು ದೀರ್ಘಕಾಲ ಉಳಿದ ಇಲಿಗಳಲ್ಲಿ ಮೂತ್ರಕೋಶದ ಒಳಪದರದ ಜೀವಕೋಶಗಳೇ ಬದಲಾಗಿಬಿಡುತ್ತವೆ. ಸೋಂಕು ವಾಸಿಯಾದ ಮೇಲೂ ಅದರ 'ನೆನಪು' ಅವುಗಳಲ್ಲಿ ಉಳಿದು, ಮುಂದಿನ ಸೋಂಕಿಗೆ ಅತಿಯಾಗಿ ಪ್ರತಿಕ್ರಿಯಿಸುತ್ತವೆ ಎಂದು ಹಲ್ಟ್‌ಗ್ರೆನ್ ತಂಡ ತೋರಿಸಿತು. ಮನುಷ್ಯರಲ್ಲಿಯೂ ಹೀಗೆಯೇ ಎಂದಾದರೆ, ಮೊದಲ ಸೋಂಕನ್ನು ತಡವಿಲ್ಲದೆ ಸರಿಯಾಗಿ ಗುಣಪಡಿಸುವುದೇ ಮುಂದಿನ ಸೋಂಕುಗಳನ್ನು ತಡೆಯುವ ದಾರಿಯಾಗುತ್ತದೆ. ಸಂಕೋಚದಿಂದ ವಾರಗಟ್ಟಲೆ ನೋವು ನುಂಗುವ ನಮ್ಮ ರೂಢಿಗೆ ಈ ಮಾತು ನೇರವಾಗಿ ತಾಗುತ್ತದೆ.

ಲಸಿಕೆಯ ದೀರ್ಘ ಹಾದಿ

ಕೊಂಡಿಯ ವಿರುದ್ಧ ದೇಹವನ್ನೇ ಸಜ್ಜುಗೊಳಿಸುವುದು ಮೊದಲ ಯೋಚನೆಯಾಗಿತ್ತು. ಫಿಮ್‌ಎಚ್ ಪ್ರೋಟೀನಿನಿಂದ ತಯಾರಿಸಿದ ಲಸಿಕೆ ಇಲಿಗಳನ್ನು ಸೋಂಕಿನಿಂದ ಕಾಪಾಡುತ್ತದೆ ಎಂದು 1997ರಲ್ಲೇ ಪ್ರಕಟವಾಯಿತು. ಬಳಿಕ ಕೋತಿಗಳಲ್ಲಿಯೂ ಆಶಾದಾಯಕ ಫಲ ಸಿಕ್ಕಿತು. ಆದರೆ ಮನುಷ್ಯರ ಮೇಲಿನ ಆರಂಭಿಕ ಪ್ರಯತ್ನ ಮುಂದುವರಿಯಲಿಲ್ಲ. ಮತ್ತೊಂದು ಕಂಪೆನಿ ಲಸಿಕೆಯ ಜತೆಗಿನ ಪ್ರಚೋದಕ ವಸ್ತುವನ್ನು ಬದಲಿಸಿ ನಡೆಸಿದ ಮೊದಲ ಹಂತದ ಪ್ರಯೋಗದ ವರದಿ ಹೊರಬರುವ ಹೊತ್ತಿಗೆ 2021 ಆಗಿತ್ತು. ಲಸಿಕೆ ಸುರಕ್ಷಿತವೆಂದೂ ಪ್ರತಿಕಾಯಗಳು ಮೂಡಿದವೆಂದೂ ಆ ವರದಿ ಹೇಳಿತು. ಇಲಿಯಿಂದ ಮಹಿಳೆಯವರೆಗಿನ ಈ ನಡಿಗೆಗೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಅಷ್ಟಾದರೂ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ.

ಬೇರೆಯವರ ಹಾದಿಯೂ ಸುಗಮವಾಗಿರಲಿಲ್ಲ. 60 ವರ್ಷ ಮೀರಿದವರಲ್ಲಿ ಇ. ಕೋಲಿ ರಕ್ತಕ್ಕೆ ಸೇರಿ ಉಂಟಾಗುವ ಗಂಭೀರ ಸೋಂಕನ್ನು ತಡೆಯಲು ಜಾನ್ಸನ್ ಅಂಡ್ ಜಾನ್ಸನ್ ಹಾಗೂ ಸನೋಫಿ ಕಂಪೆನಿಗಳು ಕೈಗೊಂಡಿದ್ದ ಲಸಿಕೆಯ ಮೂರನೆಯ ಹಂತದ ಪ್ರಯೋಗವನ್ನು, ಪರಿಣಾಮ ಸಾಲದೆಂಬ ಕಾರಣಕ್ಕೆ 2024ರ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತು. ಇದಕ್ಕೆ ಹೋಲಿಸಿದರೆ ಸ್ಪೇನಿನಲ್ಲಿ ರೂಪುಗೊಂಡ 'ಎಂವಿ 140' ಎಂಬ ಲಸಿಕೆ ಹೆಚ್ಚು ಭರವಸೆ ಮೂಡಿಸಿದೆ. ನಾಲ್ಕು ಬಗೆಯ ನಿಷ್ಕ್ರಿಯ ಬ್ಯಾಕ್ಟೀರಿಯಾಗಳಿರುವ ಇದನ್ನು ಮೂರು ತಿಂಗಳು ದಿನವೂ ನಾಲಿಗೆಯ ಅಡಿಗೆ ಸಿಂಪಡಿಸಿಕೊಳ್ಳಬೇಕು. 240 ಮಹಿಳೆಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುಸಿ ಔಷಧ ಪಡೆದವರ ಪೈಕಿ ಶೇ. 25ರಷ್ಟು ಮಂದಿ ಸೋಂಕಿಲ್ಲದೆ ಉಳಿದರೆ, ಲಸಿಕೆ ಪಡೆದವರಲ್ಲಿ ಆ ಪ್ರಮಾಣ ಶೇ. 56ರಿಂದ 58. ದೊಡ್ಡ ಸಂಖ್ಯೆಯಲ್ಲಿ, ಬೇರೆ ಬೇರೆ ದೇಶಗಳಲ್ಲಿ ಇದು ರುಜುವಾತಾಗಬೇಕಿದೆ.

ಸಕ್ಕರೆಯ ಉಪಾಯ

ಹಲ್ಟ್‌ಗ್ರೆನ್ ಹಾಗೂ ರಸಾಯನ ವಿಜ್ಞಾನಿ ಜೇಮ್ಸ್ ಜನೆಟ್ಕಾ ಹಿಡಿದ ಎರಡನೆಯ ದಾರಿ ಕುತೂಹಲಕರವಾದುದು. ಬ್ಯಾಕ್ಟೀರಿಯಾದ ಕೊಂಡಿಗೆ ಮ್ಯಾನೋಸ್ ಇಷ್ಟವಾದರೆ, ಅದನ್ನೇ ಹೋಲುವ, ಆದರೆ ಅದಕ್ಕಿಂತ ಬಹುಪಾಲು ಬಿಗಿಯಾಗಿ ಅಂಟಿಕೊಳ್ಳುವ ಅಣುವೊಂದನ್ನು ಎದುರಿಗಿಟ್ಟರೆ ಹೇಗೆ? ಕೊಂಡಿ ಅದಕ್ಕೆ ಸಿಕ್ಕಿಬಿದ್ದು ಗೋಡೆ ಹಿಡಿಯಲಾರದೆ ಹೋಗುತ್ತದೆ. ಇಂಥ ಅಣುಗಳೇ 'ಮ್ಯಾನೋಸೈಡ್'ಗಳು. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಇಲಿ ಪ್ರಯೋಗದಲ್ಲಿ ಬಾಯಿಯ ಮೂಲಕ ಕೊಟ್ಟ ಮ್ಯಾನೋಸೈಡ್, ಮೂತ್ರಕೋಶದಲ್ಲಷ್ಟೇ ಅಲ್ಲ, ಕರುಳಿನಲ್ಲಿಯೂ ರೋಗಕಾರಕ ಇ. ಕೋಲಿಯ ಸಂಖ್ಯೆಯನ್ನು ತಗ್ಗಿಸಿತು. ಕರುಳಿನ ಉಳಿದ ಉಪಯುಕ್ತ ಜೀವಿಗಳಿಗೆ ಹೆಚ್ಚಿನ ಧಕ್ಕೆಯಾಗಲಿಲ್ಲ. ಆ್ಯಂಟಿಬಯೋಟಿಕ್ ಈ ಕೆಲಸ ಮಾಡಲಾರದು. ಅದು ಒಳ್ಳೆಯದು ಕೆಟ್ಟದ್ದೆನ್ನದೆ ಇಡೀ ಹೊಲಕ್ಕೇ ಬೆಂಕಿಯಿಟ್ಟಂತೆ.

ಹೊಲ ಸುಟ್ಟರೆ ಆಗುವುದೇನೆಂಬುದಕ್ಕೂ ಸಾಕ್ಷ್ಯವಿದೆ. 31 ಮಹಿಳೆಯರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕು ಮರುಕಳಿಸುತ್ತಿದ್ದವರ ಕರುಳಿನಲ್ಲಿ ಜೀವಿವೈವಿಧ್ಯ ಕಡಿಮೆಯಿತ್ತು. ಉರಿಯೂತವನ್ನು ಹತೋಟಿಯಲ್ಲಿಡುವ ಬ್ಯಾಕ್ಟೀರಿಯಾಗಳೂ ಕಡಿಮೆಯಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಆರೋಗ್ಯವಂತ ಮಹಿಳೆಯರ ಕರುಳಿನಲ್ಲಿಯೂ ಮೂತ್ರದಲ್ಲಿಯೂ ಅಂಥದೇ ಇ. ಕೋಲಿ ಇತ್ತು, ಅವರಿಗೆ ಕಾಯಿಲೆ ಬರಲಿಲ್ಲ ಅಷ್ಟೇ. ಬ್ಯಾಕ್ಟೀರಿಯಾ ಇರುವುದೇ ಕಾಯಿಲೆಯಲ್ಲ; ಅದಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದೂ ಮುಖ್ಯ. ಉರಿ, ನೋವು ಯಾವುದೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ, ಗರ್ಭಿಣಿಯರು ಮತ್ತು ಮೂತ್ರಾಂಗದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಂಥ ಕೆಲವರನ್ನು ಬಿಟ್ಟು ಉಳಿದವರಿಗೆ ಆ್ಯಂಟಿಬಯೋಟಿಕ್ ಕೊಡಬಾರದೆಂಬ ವೈದ್ಯಕೀಯ ಮಾರ್ಗಸೂಚಿಯ ಹಿಂದಿರುವ ತರ್ಕವೂ ಇದಕ್ಕೆ ಹತ್ತಿರದ್ದೇ.

ಮ್ಯಾನೋಸೈಡ್‌ಗಳ ಸುದ್ದಿ ಕೇಳಿ ಅಂಗಡಿಯಲ್ಲಿ ಸಿಗುವ 'ಡಿ-ಮ್ಯಾನೋಸ್' ಪುಡಿ ಕೊಳ್ಳಲು ಹೊರಡುವವರು ತುಸು ನಿಲ್ಲಬೇಕು. ಬ್ರಿಟನ್ನಿನ 598 ಮಹಿಳೆಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಪುಡಿ ಸೇವಿಸಿದವರಲ್ಲಿ ಶೇ. 51ರಷ್ಟು ಮಂದಿಗೆ ಸೋಂಕಿಗಾಗಿ ಮತ್ತೆ ವೈದ್ಯರ ನೆರವು ಬೇಕಾಯಿತು. ಹುಸಿ ಪುಡಿ ಸೇವಿಸಿದವರಲ್ಲಿ ಶೇ. 55.7. ಈ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದಲ್ಲವೆಂದು ಸಂಶೋಧಕರು ತೀರ್ಮಾನಿಸಿದರು. ಪ್ರಯೋಗಶಾಲೆಯ ಅಣು ಬೇರೆ, ಡಬ್ಬಿಯಲ್ಲಿ ಮಾರುವ ಸಕ್ಕರೆ ಬೇರೆ. ಮ್ಯಾನೋಸೈಡ್ ಔಷಧವಾಗಿ ಅಂಗಡಿಗೆ ಬರಲು ಇನ್ನೂ ಹಲವು ಪರೀಕ್ಷೆ ದಾಟಬೇಕು.

ಅಗ್ಗದ ಉಪಾಯಗಳಿಗೂ ಸಾಕ್ಷ್ಯವುಂಟು

ನಾಳೆಯ ಔಷಧ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಋತುಬಂಧದ ನಂತರ ಸೋಂಕು ಮರುಕಳಿಸುವ ಮಹಿಳೆಯರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ನೆರವಾಗುತ್ತದೆಂದು 1993ರಲ್ಲೇ ಪ್ರಕಟವಾಗಿತ್ತು. ಆ ಅಧ್ಯಯನದಲ್ಲಿ ವರ್ಷಕ್ಕೆ ಸರಾಸರಿ 5.9 ಇದ್ದ ಸೋಂಕು ಕ್ರೀಮು ಬಳಸಿದವರಲ್ಲಿ 0.5ಕ್ಕೆ ಇಳಿದಿತ್ತು. 'ಮೆಥೆನಮೀನ್' ಎಂಬ ಶತಮಾನದಷ್ಟು ಹಳೆಯ ಮಾತ್ರೆಯೂ ಮರಳಿ ಗಮನ ಸೆಳೆದಿದೆ. ಅದು ಆ್ಯಂಟಿಬಯೋಟಿಕ್ ಅಲ್ಲ. ಆಮ್ಲೀಯ ಮೂತ್ರದಲ್ಲಿ ಒಡೆದು ಬ್ಯಾಕ್ಟೀರಿಯಾಗಳನ್ನು ಅಡಗಿಸುತ್ತದೆ. ಬ್ರಿಟನ್ನಿನಲ್ಲಿ 240 ಮಹಿಳೆಯರ ಮೇಲೆ ನಡೆದ ಪ್ರಯೋಗ, ಸೋಂಕು ತಡೆಯುವುದರಲ್ಲಿ ಅದು ದಿನನಿತ್ಯದ ಆ್ಯಂಟಿಬಯೋಟಿಕ್‌ಗಿಂತ ಗಣನೀಯವಾಗಿ ಹಿಂದೆ ಬಿದ್ದಿಲ್ಲವೆಂದು 2022ರಲ್ಲಿ ತೋರಿಸಿತು. ಕ್ರ್ಯಾನ್‌ಬೆರಿ ಹಣ್ಣಿನ ಬಗ್ಗೆ ದಶಕಗಳ ಕಾಲ ನಡೆದ ವಾದಕ್ಕೆ 2023ರ ಕಾಕ್ರೇನ್ ಸಮೀಕ್ಷೆ ಒಂದು ಮಟ್ಟಿಗೆ ತೆರೆಯೆಳೆಯಿತು: ಪದೇ ಪದೇ ಸೋಂಕು ಬರುವ ಮಹಿಳೆಯರಲ್ಲಿ ಅದು ಅಪಾಯವನ್ನು ಸುಮಾರು ಶೇ. 26ರಷ್ಟು ತಗ್ಗಿಸುತ್ತದೆ, ಗರ್ಭಿಣಿಯರಿಗೆ ಉಪಯೋಗ ಕಂಡುಬಂದಿಲ್ಲ. ಇವೆಲ್ಲವನ್ನೂ ವೈದ್ಯರ ಸಲಹೆಯ ಮೇಲೆಯೇ ನಿರ್ಧರಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಸರಳವಾದುದು ನೀರು. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದ ಥಾಮಸ್ ಹೂಟನ್ ನೇತೃತ್ವದ ಪ್ರಯೋಗದ ಫಲಿತಾಂಶ 2018ರಲ್ಲಿ ಹೊರಬಂದಿತು. ವರ್ಷದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ಸೋಂಕು ಅನುಭವಿಸಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಸೇವಿಸುತ್ತಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿಯಲು ಹೇಳಲಾಯಿತು. ವರ್ಷದ ಕೊನೆಗೆ ಹೆಚ್ಚು ನೀರು ಕುಡಿದವರಲ್ಲಿ ಸರಾಸರಿ 1.7 ಬಾರಿ ಸೋಂಕು ಬಂದಿತ್ತು, ಉಳಿದವರಲ್ಲಿ 3.2 ಬಾರಿ. ಆ್ಯಂಟಿಬಯೋಟಿಕ್ ಬಳಕೆಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಬಾಟಲಿ ನೀರು ಮಾರುವ ಡ್ಯಾನೋನ್ ಕಂಪೆನಿಗೆ ಸೇರಿದ ಸಂಸ್ಥೆ ಎಂಬುದನ್ನು ಓದುಗರು ನೆನಪಿಡಬೇಕು. ಆದರೆ ನಲ್ಲಿಯ ಶುದ್ಧ ನೀರಿಗೂ ಈ ತರ್ಕ ಅಷ್ಟೇ ಒಪ್ಪುತ್ತದೆ. ಬಾರ್ಲಿ ನೀರು ಕುಡಿಸಿದ ಅಜ್ಜಿಯರ ಮಾತಿನಲ್ಲಿ, ಬಾರ್ಲಿಗಿಂತ ನೀರಿನ ಪಾಲಿಗೆ ವಿಜ್ಞಾನದ ಬೆಂಬಲ ಸಿಕ್ಕಿದೆ.

ಬಾಗಿಲಿಗೆ ಬೀಗ ಹಾಕಿದ ಶೌಚಾಲಯ

ಹೆಚ್ಚು ನೀರು ಕುಡಿಯಿರಿ ಎಂದು ಹೇಳುವುದು ಸುಲಭ. ಕುಡಿದ ನೀರನ್ನು ವಿಸರ್ಜಿಸಲು ಜಾಗವಿರಬೇಕಲ್ಲ? ಸೇಂಟ್ ಲೂಯಿಸ್‌ನ ಪ್ರಯೋಗಶಾಲೆಯ ಪ್ರಶ್ನೆ ನಮ್ಮ ಬೀದಿಗೆ ಬಂದು ಮುಟ್ಟುವುದು ಇಲ್ಲಿಯೇ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಯುವತಿ, ಸಿದ್ಧ ಉಡುಪು ಕಾರ್ಖಾನೆಯಲ್ಲಿ ಗಂಟೆಗೆ ಇಷ್ಟು ಎಂಬ ಲೆಕ್ಕಕ್ಕೆ ಹೊಲಿಯುವ ಮಹಿಳೆ, ಬೀದಿ ಬದಿಯಲ್ಲಿ ಹೂವು ಮಾರುವಾಕೆ, ರಸ್ತೆಯಲ್ಲಿ ಸಂಚಾರ ನಿಯಂತ್ರಿಸುವ ಪೊಲೀಸ್ ಸಿಬ್ಬಂದಿ, ಹಳ್ಳಿಯಿಂದ ನಗರದ ಕಾಲೇಜಿಗೆ ಬಸ್ಸಿನಲ್ಲಿ ಬರುವ ಹುಡುಗಿ ಇವರೆಲ್ಲ ಬೆಳಿಗ್ಗೆಯೇ ಲೆಕ್ಕ ಹಾಕಿ ನೀರು ಕುಡಿಯುತ್ತಾರೆ, ಅಥವಾ ಕುಡಿಯುವುದೇ ಇಲ್ಲ. ಅವರಿಗೆ ಆರೋಗ್ಯಜ್ಞಾನ ಇಲ್ಲವೆಂದಲ್ಲ. ಹೋಗಲು ಜಾಗವಿಲ್ಲ, ಜಾಗವಿದ್ದರೆ ಅನುಮತಿಯಿಲ್ಲ, ಅನುಮತಿಯಿದ್ದರೆ ಅಲ್ಲಿ ನೀರಿಲ್ಲ.

ಹೀಗೆಂದು ಹೋರಾಡಿ ಗೆದ್ದವರೂ ನೆರೆಯಲ್ಲೇ ಇದ್ದಾರೆ. ಕೇರಳದ ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಕೆಲಸದ ಹೆಂಗಸರು, ಕೂರುವ ಮತ್ತು ಶೌಚಾಲಯಕ್ಕೆ ಹೋಗುವ ಹಕ್ಕಿಗಾಗಿ 'ಪೆಣ್‌ಕೂಟ್ಟ್' ಸಂಘಟನೆಯ ವಿಜಿಯವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿದರು. ನೀರು ಕುಡಿಯದೆ ಬರುವ ಮೂತ್ರನಾಳದ ಸೋಂಕು ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಫಲವಾಗಿ ಕೇರಳ 2018ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ತಂದು ಕೂರುವ ಹಕ್ಕನ್ನು ನೀಡಿತು. ತಮಿಳುನಾಡು 2021ರಲ್ಲಿ ಅದೇ ಹಾದಿ ಹಿಡಿಯಿತು. ಮುಂಬಯಿಯಲ್ಲಿ 2011ರಲ್ಲಿ ಆರಂಭವಾದ 'ರೈಟ್ ಟು ಪೀ' ಚಳವಳಿ, ಸಾರ್ವಜನಿಕ ಮೂತ್ರಾಲಯಗಳಲ್ಲಿ ಹೆಂಗಸರಿಂದ ಮಾತ್ರ ಹಣ ಕೀಳುವ ಪದ್ಧತಿಯನ್ನು ಪ್ರಶ್ನಿಸಿತು. ಕಾರ್ಖಾನೆಗಳಲ್ಲಿ ಕುಡಿಯುವ ನೀರು ಮತ್ತು ಶೌಚಾಲಯ ಕಡ್ಡಾಯವೆಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿತ್ತು. ಕಾಗದದ ಮೇಲಿನ ಶೌಚಾಲಯಕ್ಕೂ ಕೆಲಸದ ನಡುವೆ ಎದ್ದು ಹೋಗಲು ಸಿಗುವ ಐದು ನಿಮಿಷಕ್ಕೂ ನಡುವೆ ಮೇಲ್ವಿಚಾರಕನ ಕಣ್ಣಿರುತ್ತದೆ.

ಔಷಧದ ಕಡೆಯಿಂದಲೂ ನಮ್ಮಲ್ಲಿ ಆಗಬೇಕಾದ ಕೆಲಸವಿದೆ. ಹಲವು ಆ್ಯಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದಕ್ಕೆ ದಾಖಲೆಯಿಡಬೇಕು ಎಂಬ 'ಎಚ್ 1' ಪಟ್ಟಿಯ ನಿಯಮ 2014ರಿಂದ ಜಾರಿಯಲ್ಲಿದೆ. ಅಂಗಡಿಯ ಕಟ್ಟೆಯ ಮೇಲೆ ಅದರ ಪಾಲನೆ ಎಷ್ಟೆಂಬುದು ಎಲ್ಲರಿಗೂ ತಿಳಿದದ್ದೇ. ನೈಟ್ರೋಫ್ಯುರಾಂಟಾಯಿನ್‌ನಂಥ ಹಳೆಯ, ಅಗ್ಗದ ಔಷಧ ಸಾಮಾನ್ಯ ಮೂತ್ರಕೋಶದ ಸೋಂಕಿಗೆ ಈಗಲೂ ಮೊದಲ ಆಯ್ಕೆಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆಯಿಂದ ಬಳಸಬೇಕೆಂದಿರುವ ಸಿಪ್ರೊಫ್ಲಾಕ್ಸಾಸಿನ್ ಬಳಗವನ್ನು ಪ್ರತಿ ಉರಿಮೂತ್ರಕ್ಕೂ ಕೊಡುವುದು ಸರಿಯಲ್ಲ. ಸೋಂಕು ಮರುಕಳಿಸಿದಾಗಲಾದರೂ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ ಔಷಧ ಆರಿಸುವ ಅಭ್ಯಾಸ ತಾಲ್ಲೂಕು ಆಸ್ಪತ್ರೆಯ ಮಟ್ಟಕ್ಕೆ ಇಳಿಯಬೇಕು. ಅಮೆರಿಕದಲ್ಲಿ 2025ರ ಮಾರ್ಚ್‌ನಲ್ಲಿ ಅನುಮತಿ ಪಡೆದ ಜೆಪೊಟಿಡಾಸಿನ್ ಈ ಕಾಯಿಲೆಗೆಂದು ಸುಮಾರು ಮೂರು ದಶಕಗಳ ನಂತರ ಬಂದ ಹೊಸ ವರ್ಗದ ಮಾತ್ರೆ. ಮುಂದಿನದು ಯಾವಾಗ ಬರುವುದೋ ಎಂದು ಕಾಯುವ ಬದಲು, ಇರುವುದನ್ನು ಕಾಪಾಡಿಕೊಳ್ಳುವುದು ಜಾಣತನ.

ಹಲ್ಟ್‌ಗ್ರೆನ್ ಅವರ ಕೆಲಸದಿಂದ ಸದ್ಯಕ್ಕೆ ಮಾತ್ರೆಯಾಗಲಿ ಲಸಿಕೆಯಾಗಲಿ ನಮ್ಮ ಕೈಗೆ ಬಂದಿಲ್ಲ. ಆದರೆ ಪದೇ ಪದೇ ಸೋಂಕಿಗೆ ತುತ್ತಾಗುವ ಹೆಣ್ಣು ಕೊಳಕಿಯೂ ಅಲ್ಲ, ಅಸಡ್ಡೆಯವಳೂ ಅಲ್ಲ ಎಂಬುದನ್ನು ಅದು ಸೂಕ್ಷ್ಮದರ್ಶಕದಡಿ ಸಾಬೀತುಪಡಿಸಿದೆ. ಅವಳ ದೇಹದೊಳಗೆ ಜೀವಿಯೊಂದು ಬಹು ಚತುರ ರೀತಿಯಲ್ಲಿ ಬಿಡಾರ ಹೂಡಿದೆ. ಅದನ್ನು ಕದಲಿಸುವ ಕೊಂಡಿಯನ್ನು ವಿಜ್ಞಾನಿಗಳು ಹುಡುಕುತ್ತಿರುವಾಗ, ನಗರಸಭೆ, ಮಾಲೀಕ, ಶಾಲಾ ಆಡಳಿತ ಮತ್ತು ಸರ್ಕಾರಗಳು ಮಾಡಬಹುದಾದ ಕೆಲಸಕ್ಕೆ ಯಾವ ಪ್ರಯೋಗಶಾಲೆಯೂ ಬೇಕಾಗಿಲ್ಲ. ಶುದ್ಧ ಕುಡಿಯುವ ನೀರು, ನೀರಿರುವ ಶೌಚಾಲಯ, ಅಲ್ಲಿಗೆ ಹೋಗಿಬರಲು ಹತ್ತು ನಿಮಿಷ: ಇಷ್ಟನ್ನು ಕೊಡಲಾಗದ ಸಮಾಜಕ್ಕೆ ಲಸಿಕೆ ಬಂದರೂ ಅರ್ಧ ಕೆಲಸ ಬಾಕಿ ಉಳಿಯುತ್ತದೆ.